ಹನ್ನೆರಡು ನಾಟಿಕಲ್ ಮೈಲಿನ ಆಚೆಗಿನ ಹೊಣೆ

ಸಂಪಾದಕರಿಗೆ,

ಮಾನ್ಯರೇ,

ಮನುಕುಲವೆಲ್ಲ ಒಂದಾಗಿ, ಭೂಮಿಯನ್ನು ಕೆಡಿಸದೆ ಬಾಳುವ ಒಂದು ಜಾಗತಿಕ ನಾಗರಿಕತೆಯಾಗಿ ಬೆಳೆದೀತೇ ಎಂಬ ಪ್ರಶ್ನೆ ಈಗ ವಿಜ್ಞಾನ ಲೇಖನಗಳಲ್ಲಿಯೂ ಕಾಲೇಜು ವಿಚಾರಗೋಷ್ಠಿಗಳಲ್ಲಿಯೂ ಆಗಾಗ ಕೇಳಿಬರುತ್ತಿದೆ. ಉತ್ತರ ಹುಡುಕುವವರು ಬಹುಮಟ್ಟಿಗೆ ಶಕ್ತಿಯ ಬಳಕೆಯನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. 1964ರಲ್ಲಿ ಸೋವಿಯತ್ ಖಗೋಳ ವಿಜ್ಞಾನಿ ನಿಕೊಲಾಯ್ ಕರ್ದಶೆವ್ ನಾಗರಿಕತೆಗಳನ್ನು ಅವು ಬಳಸುವ ಶಕ್ತಿಯ ಪ್ರಮಾಣಕ್ಕೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸಿದರು. ಮುಂದೆ ಅಮೆರಿಕದ ಕಾರ್ಲ್ ಸೇಗನ್ ಆ ದರ್ಜೆಗಳ ನಡುವೆ ದಶಮಾಂಶದ ಮೆಟ್ಟಿಲುಗಳನ್ನಿಟ್ಟು, ನಾವಿನ್ನೂ ಮೊದಲನೆಯದನ್ನೂ ಮುಟ್ಟಿಲ್ಲ, ಸುಮಾರು 0.7ರಲ್ಲಿದ್ದೇವೆ ಎಂದು ಲೆಕ್ಕ ಹಾಕಿದರು. ಖಗೋಳ ಶಾಸ್ತ್ರಕ್ಕೆ ಈ ಲೆಕ್ಕ ಉಪಯುಕ್ತವೇ ಇರಬಹುದು. ಆದರೆ ಮನುಷ್ಯರು ಕೂಡಿ ಬಾಳುವುದನ್ನು ಎಷ್ಟರ ಮಟ್ಟಿಗೆ ಕಲಿತಿದ್ದಾರೆ ಎಂಬುದನ್ನು ಅದು ತೋರಿಸುವುದಿಲ್ಲ. ಎಂಜಿನಿನ ಅಶ್ವಶಕ್ತಿ ಏರುತ್ತಾ ಹೋದಂತೆ ಕಡಲಿನ ಮೀನು ಏನಾಯಿತೆಂಬುದನ್ನು ಕಂಡಿರುವ ಮಲ್ಪೆಯವನಾದ ನನಗೆ ಬೇರೆಯೇ ಒಂದು ಅಳತೆಗೋಲು ಸರಿಯೆನಿಸುತ್ತದೆ. ಯಾರೊಬ್ಬರ ಸೊತ್ತೂ ಅಲ್ಲದ ಕಡಲು, ಗಾಳಿ, ಆಕಾಶಗಳ ವಿಷಯದಲ್ಲಿ ಎಲ್ಲರೂ ಕೂಡಿ ಒಂದು ಕಟ್ಟಳೆ ಮಾಡಿಕೊಂಡು, ಅದು ಪಾಲನೆಯಾಗುತ್ತಿದೆಯೇ ಎಂದು ಕಣ್ಣಿಟ್ಟು ನೋಡಿ, ಮುರಿದವರನ್ನು ತಡೆಯಲು ನಮಗೆ ಸಾಧ್ಯವಾಗುತ್ತಿದೆಯೇ ಎಂಬುದೇ ಆ ಅಳತೆಗೋಲು.

ನಮ್ಮ ಎದುರಿನ ಕಡಲನ್ನೇ ತೆಗೆದುಕೊಳ್ಳೋಣ. ತೀರದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ ಮೀನುಗಾರಿಕೆಯ ನಿಯಂತ್ರಣ ರಾಜ್ಯದ ಕೈಯಲ್ಲಿದೆ. ಕರ್ನಾಟಕದಲ್ಲಿ ಅದಕ್ಕೆ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯೇ ಆಧಾರ. ಅಲ್ಲಿಂದ 200 ನಾಟಿಕಲ್ ಮೈಲಿನವರೆಗಿನ ವಲಯದ ಸಂಪತ್ತಿನ ಮೇಲೆ ಭಾರತಕ್ಕೆ ಹಕ್ಕಿದೆ. ಲಕ್ಷದ್ವೀಪವನ್ನೂ ಲೆಕ್ಕಕ್ಕೆ ಹಿಡಿದರೆ ನಮ್ಮ ಕರಾವಳಿಯ ಎದುರು ಈ ಗೆರೆ ಇನ್ನಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಅದರಾಚೆಗಿನದು ಯಾವ ದೇಶದ್ದೂ ಅಲ್ಲದ ನೀರು. ಜಗತ್ತಿನ ಸಾಗರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇಂಥದ್ದು. ಈ ಗೆರೆಗಳನ್ನು ಎಳೆದದ್ದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ. ಭಾರತ ಅದನ್ನು 1995ರಲ್ಲಿ ಅನುಮೋದಿಸಿತು. ಮಾಲ್ಟಾ ಎಂಬ ಪುಟ್ಟ ದ್ವೀಪರಾಷ್ಟ್ರದ ಪ್ರತಿನಿಧಿ ಆರ್ವಿಡ್ ಪಾರ್ದೊ ಅವರು ಆಳಕಡಲಿನ ತಳವು ಇಡೀ ಮನುಕುಲದ ಸಮಾನ ಸೊತ್ತಾಗಬೇಕೆಂದು ವಿಶ್ವಸಂಸ್ಥೆಯಲ್ಲಿ ವಾದಿಸಿದ್ದು 1967ರಲ್ಲಿ. ಆ ಮಾತು ಕಾನೂನಿನ ರೂಪ ತಳೆಯಲು 15 ವರ್ಷ ಬೇಕಾಯಿತು, ಜಾರಿಗೆ ಬರಲು ಇನ್ನೂ 12 ವರ್ಷ ಹಿಡಿಯಿತು. ಮನುಕುಲದ ಹೆಜ್ಜೆ ನಿಧಾನ ಎಂಬುದನ್ನು ಒಪ್ಪೋಣ. ಆದರೆ ಹೆಜ್ಜೆಯನ್ನೇ ಇಟ್ಟಿಲ್ಲ ಎಂದು ಹೇಳುವುದು ನ್ಯಾಯವಲ್ಲ.

ಹಾಗೆ ಹೇಳುವವರು ನಮ್ಮಲ್ಲಿ ಬಹಳ ಮಂದಿ. ಯುದ್ಧದ ಸುದ್ದಿಗಳನ್ನು ದಿನಾಲೂ ಓದುವವರಿಗೆ ದೇಶದೇಶಗಳು ಒಂದಾಗುವ ಮಾತು ಹಗಲುಗನಸಾಗಿ ತೋರುವುದು ಸಹಜ. ಆದರೂ 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ನಡುಗಿಸಿದ ಚಂಡಮಾರುತಕ್ಕೆ ತೌಕ್ತೆ ಎಂಬ ಹೆಸರು ಕೊಟ್ಟದ್ದು ಮ್ಯಾನ್ಮಾರ್. 2023ರ ಬಿಪರ್ಜಾಯ್ ಬಾಂಗ್ಲಾದೇಶ ಕೊಟ್ಟ ಹೆಸರು, 2024ರ ಅಸ್ನಾ ಪಾಕಿಸ್ತಾನದ್ದು. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ಸುತ್ತಲಿನ 13 ದೇಶಗಳು ಒಂದೇ ಮೇಜಿನ ಸುತ್ತ ಕುಳಿತು 169 ಹೆಸರುಗಳ ಪಟ್ಟಿಯನ್ನು 2020ರಲ್ಲಿ ಅಂತಿಮಗೊಳಿಸಿದವು, ಮತ್ತು ಆ ದೇಶಗಳಿಗೆಲ್ಲ ಚಂಡಮಾರುತದ ಮುನ್ಸೂಚನೆ ಹೋಗುವುದು ದೆಹಲಿಯ ನಮ್ಮ ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರದಿಂದ. ಗಡಿಯಲ್ಲಿ ಮಾತುಕತೆಯೇ ನಿಂತಿದ್ದ ವರ್ಷಗಳಲ್ಲಿಯೂ ಈ ಏರ್ಪಾಡು ನಿಲ್ಲಲಿಲ್ಲ. ಹೆಸರಿಗಿಂತ ದೊಡ್ಡದು ಅದರ ಹಿಂದಿನ ಮಾಹಿತಿ. ಆರ್ಗೋ ಎಂಬ ಅಂತಾರಾಷ್ಟ್ರೀಯ ಯೋಜನೆಯಡಿ ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ತೇಲುಯಂತ್ರಗಳಿವೆ. ಪ್ರತಿಯೊಂದೂ 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇಳುತ್ತಾ ನೀರಿನ ಉಷ್ಣತೆ ಮತ್ತು ಉಪ್ಪಿನಂಶವನ್ನು ಅಳೆದು ಉಪಗ್ರಹಕ್ಕೆ ಕಳುಹಿಸುತ್ತದೆ. ಯಾವ ದೇಶ ಇಳಿಬಿಟ್ಟ ಯಂತ್ರವಾದರೂ ಮಾಹಿತಿ ಎಲ್ಲರಿಗೂ ಉಚಿತ. ಕಡಲಿನ ಸ್ಥಿತಿಗತಿಯ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈ ಜಾಲದ ಭಾಗವಾಗಿದೆ. ಕಡಲಿಗೆ ಹೋಗಬೇಡಿ ಎಂಬ ಎಚ್ಚರಿಕೆ ಬಂದಾಗ ಬೋಟು ನಡೆಸುವ ತಂಡೇಲರು ಹಿಂದಿರುಗಿ ಜೀವ ಉಳಿಸಿಕೊಳ್ಳುವುದರಲ್ಲಿ, ಅವರು ಹೆಸರೂ ಕೇಳಿರದ ಹತ್ತಾರು ದೇಶಗಳ ವಿಜ್ಞಾನಿಗಳ ಪಾಲೂ ಇದೆ.

ಇನ್ನು, ಒಂದಾದಾಗ ಏನು ಸಾಧ್ಯ ಎಂಬುದಕ್ಕೆ ಓಝೋನ್ ಪದರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ, ಏಕೆಂದರೆ ನಮ್ಮ ಶಾಲೆಗಳಲ್ಲಿ ಅದರ ಮೊದಲರ್ಧವನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ಫ್ರಿಜ್ಜು, ಎ.ಸಿ., ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ಅನಿಲಗಳು ಓಝೋನನ್ನು ನಾಶಪಡಿಸಬಲ್ಲವೆಂದು ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ಪದರ ತೀರಾ ತೆಳುವಾಗಿರುವುದನ್ನು ಪ್ರಕಟಿಸಿದರು. ಎರಡೇ ವರ್ಷಗಳಲ್ಲಿ, 1987ರ ಸೆಪ್ಟೆಂಬರ್ 16ರಂದು, ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಭಾರತ ಮತ್ತು ಚೀನಾ ಆಗ ಸೇರಲಿಲ್ಲ. ಪದರವನ್ನು ಕೆಡಿಸಿದವರು ಶ್ರೀಮಂತ ದೇಶದವರು, ಹೊಸ ತಂತ್ರಜ್ಞಾನದ ಖರ್ಚನ್ನು ಬಡವರು ಏಕೆ ಹೊರಬೇಕು ಎಂಬ ನಮ್ಮ ಪ್ರಶ್ನೆ ಸರಿಯಾದದ್ದೇ ಆಗಿತ್ತು. 1990ರಲ್ಲಿ ಲಂಡನ್ನಿನ ಸಭೆಯಲ್ಲಿ ಆ ಪ್ರಶ್ನೆಗೆ ಉತ್ತರವಾಗಿ, ಅಭಿವೃದ್ಧಿಶೀಲ ದೇಶಗಳ ಖರ್ಚು ಭರಿಸಲು ಪ್ರತ್ಯೇಕ ನಿಧಿ ಸ್ಥಾಪನೆಯಾಯಿತು. 1992ರಲ್ಲಿ ಭಾರತ ಸೇರಿತು. ಮುಂದೆ ಜಗತ್ತಿನ ಎಲ್ಲ ರಾಷ್ಟ್ರಗಳೂ ಅನುಮೋದಿಸಿದ ಒಪ್ಪಂದವಾಗಿ ಅದು ಬೆಳೆಯಿತು. ನಿಯಂತ್ರಣಕ್ಕೊಳಪಟ್ಟ ರಾಸಾಯನಿಕಗಳಲ್ಲಿ ಶೇ. 99ರಷ್ಟು ಬಳಕೆ ಇಂದು ನಿಂತಿದೆ, ಮತ್ತು ಈಗಿನ ಕ್ರಮ ಮುಂದುವರಿದರೆ ಜಗತ್ತಿನ ಬಹುಭಾಗದಲ್ಲಿ ಓಝೋನ್ ಪದರವು 2040ರ ಹೊತ್ತಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಹೊತ್ತಿಗೆ 1980ರ ಸ್ಥಿತಿಗೆ ಮರಳುವುದೆಂಬುದು ತಜ್ಞರ ಅಂದಾಜು.

ಇದರಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು 2018ರ ಘಟನೆ. ಸಿಎಫ್‌ಸಿ-11 ಎಂಬ ನಿಷೇಧಿತ ಅನಿಲ ವಾತಾವರಣದಲ್ಲಿ ತಗ್ಗಬೇಕಾದಷ್ಟು ವೇಗವಾಗಿ ತಗ್ಗುತ್ತಿಲ್ಲವೆಂಬುದನ್ನು ವಿಜ್ಞಾನಿಗಳು ಆ ವರ್ಷ ಕಂಡುಹಿಡಿದರು. ಯಾರೋ ಎಲ್ಲೋ ಕದ್ದು ತಯಾರಿಸುತ್ತಿದ್ದರು. ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿದ್ದ ಮಾಪನ ಕೇಂದ್ರಗಳ ದಾಖಲೆಗಳನ್ನು ಗಾಳಿಯ ದಿಕ್ಕಿನೊಡನೆ ಹೋಲಿಸಿ, ಹೆಚ್ಚುವರಿ ಅನಿಲದ ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿದೆಯೆಂದು 2019ರಲ್ಲಿ ತೋರಿಸಿಕೊಟ್ಟರು. ಚೀನಾ ಸರಕಾರ ಕ್ರಮ ಕೈಗೊಂಡಿತು. ಹೊರಸೂಸುವಿಕೆ ಮತ್ತೆ ಇಳಿದುದನ್ನು ಅದೇ ಕೇಂದ್ರಗಳು ದಾಖಲಿಸಿದವು. ಯುದ್ಧವಾಗಲಿಲ್ಲ, ದಿಗ್ಬಂಧನವಾಗಲಿಲ್ಲ. ಕಟ್ಟಳೆ ಇತ್ತು, ಕಾವಲೂ ಇತ್ತು, ತಪ್ಪು ಸಿಕ್ಕಿಬಿದ್ದಾಗ ತಿದ್ದಿಕೊಳ್ಳುವ ದಾರಿಯೂ ಇತ್ತು. ಮನುಕುಲ ಒಂದು ನಾಗರಿಕತೆಯಂತೆ ವರ್ತಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಾಣೆ.

ಇಂಗಾಲದ ವಿಷಯದಲ್ಲಿ ಮಾತ್ರ ಇದು ಇಷ್ಟು ಸುಲಭವಾಗಿಲ್ಲ. ಕೈಗಾರಿಕಾ ಯುಗಕ್ಕಿಂತ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್, 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ ಅಳೆಯಲು ಆರಂಭಿಸಿದಾಗ ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ಕೆಲವೇ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ಒಂದು ಅನಿಲವನ್ನು ಬಿಡುವುದು ಬೇರೆ, ಅಡುಗೆ, ಓಡಾಟ, ಸಿಮೆಂಟು, ವಿದ್ಯುತ್ತುಗಳಲ್ಲೆಲ್ಲ ಬೆರೆತಿರುವ ಇಂಧನವನ್ನು ಬಿಡುವುದು ಬೇರೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿರುವ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ನಡೆಯುವುದು ಹಡಗಿನಲ್ಲಿ ಪಣಂಬೂರಿನ ಬಂದರಿಗೆ ಬಂದಿಳಿಯುವ ವಿದೇಶಿ ಕಲ್ಲಿದ್ದಲಿನಿಂದ. ಆ ವಿದ್ಯುತ್ತನ್ನು ಉಪಯೋಗಿಸುವ ನಾವೆಲ್ಲರೂ ಈ ಲೆಕ್ಕದಲ್ಲಿ ಸೇರಿದ್ದೇವೆ. ಹಾಗೆಂದು ಎಲ್ಲರ ಪಾಲೂ ಸಮ ಎನ್ನಲಾಗದು. ತಲಾವಾರು ಲೆಕ್ಕದಲ್ಲಿ ಭಾರತೀಯನೊಬ್ಬ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣನಾದರೆ ಅಮೆರಿಕದವನ ಪಾಲು ಸುಮಾರು 14 ಟನ್. ಹವಾಮಾನ ಬದಲಾವಣೆಯನ್ನು ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ 2020ರಿಂದ ವರ್ಷಕ್ಕೆ 100 ಶತಕೋಟಿ ಡಾಲರ್ ನೆರವು ಕೊಡುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವು. ಮಾತು ಪೂರೈಸಿದ್ದು ಗಡುವು ಮೀರಿದ ಮೇಲೆ, 2022ರಲ್ಲಿ. ಅಮೆರಿಕವಂತೂ 2015ರ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಒಮ್ಮೆ ಹೊರಹೋಗಿ, 2021ರಲ್ಲಿ ಮರಳಿ, 2025ರಲ್ಲಿ ಮತ್ತೆ ಹೊರಡುವುದಾಗಿ ಘೋಷಿಸಿತು. ಓಝೋನ್ ಒಪ್ಪಂದದಲ್ಲಿ ನಿಧಿ ಮೊದಲು ಬಂದು ವಿಶ್ವಾಸ ಹುಟ್ಟಿಸಿತು. ಇಲ್ಲಿ ಮಾತು ಮೊದಲು, ಹಣ ಕೊನೆಗೆ. ನ್ಯಾಯವಿಲ್ಲದ ಕಡೆ ಒಗ್ಗಟ್ಟು ಬಾಳುವುದಿಲ್ಲ ಎಂಬುದನ್ನು ದೊಡ್ಡ ದೇಶಗಳು ಅರಿಯಬೇಕು.

ಈಗ ಬೋಟುಗಳು ನಿಲ್ಲುವ ನಮ್ಮ ದಕ್ಕೆಗೆ ಬರುತ್ತೇನೆ, ಏಕೆಂದರೆ ಇದೇ ಪಾಠ ಇಲ್ಲಿ ಸಣ್ಣ ಪ್ರಮಾಣದಲ್ಲಿ ನಡೆದಿದೆ. ಊರಿನ ಹತ್ತಾರು ಜನ ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲವನ್ನು ಇಲ್ಲಿನ ಹಿರಿಯರು ಬಲ್ಲರು. ಬೂತಾಯಿ, ಬಂಗುಡೆ ದಡದ ಹತ್ತಿರ ಬಂದಾಗ ಹಿಡಿಯುವುದು, ಬಂದದ್ದನ್ನು ಪಾಲು ಮಾಡಿಕೊಳ್ಳುವುದು ಅದರ ಕ್ರಮವಾಗಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಹಳೆಯದಕ್ಕೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ಯಾಂತ್ರೀಕರಣದಿಂದ ನೂರಾರು ಕುಟುಂಬಗಳು ಬಡತನದಿಂದ ಹೊರಬಂದದ್ದು ಸತ್ಯ. ಆದರೆ ಹಿಡಿಯುವ ಬಲ ಬೆಳೆದ ವೇಗದಲ್ಲಿ ಕೂಡಿ ಮಾಡಿಕೊಳ್ಳುವ ಕಟ್ಟಳೆ ಬೆಳೆಯಲಿಲ್ಲ. ಎರಡು ಬೋಟುಗಳು ಕೂಡಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ದೀಪ ಬಳಸುವ ಲೈಟ್ ಫಿಶಿಂಗನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದೆ. ನಿಷೇಧ ಇದ್ದೂ ಅದರ ಉಲ್ಲಂಘನೆಯ ದೂರು ಪ್ರತಿ ಋತುವಿನಲ್ಲಿಯೂ ತಮ್ಮ ಪತ್ರಿಕೆಯಲ್ಲೇ ವರದಿಯಾಗುತ್ತದೆ. ಮರಿಮೀನು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುವುದೂ ನಿಂತಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಹೆಚ್ಚುಕಡಿಮೆ 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿದಾಗ, ಕಡಲಿನ ಉಷ್ಣತೆಯ ಏರುಪೇರಿನ ಜೊತೆಗೆ ಮರಿಮೀನಿನ ಬೇಟೆಯೂ ಚರ್ಚೆಗೆ ಬಂತು. ಅನಂತರ ಬೂತಾಯಿ ಮತ್ತೆ ಬಂದಿತೆಂದು ನಾವು ಆ ಚರ್ಚೆಯನ್ನು ಮರೆಯಬಾರದು.

ಒಳ್ಳೆಯ ನಿದರ್ಶನವೂ ನಮ್ಮಲ್ಲೇ ಇದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರೀಕೃತ ಬೋಟುಗಳು ದಕ್ಕೆಯಲ್ಲೇ ಲಂಗರು ಹಾಕುತ್ತವೆ. ಸಣ್ಣ ಎಂಜಿನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ದಿನದ ದುಡಿಮೆಯನ್ನೇ ನಂಬಿದ ಕಲಾಸಿಗಳು (ಬೋಟಿನ ಕೆಲಸಗಾರರು), ಮೀನು ಮಾರುವ ಹೆಂಗಸರು, ಮಂಜುಗಡ್ಡೆ ಘಟಕದ ಕಾರ್ಮಿಕರು ಎರಡು ತಿಂಗಳ ಕಷ್ಟವನ್ನು ಸಹಿಸಿ ಈ ರಜೆಯನ್ನು ಪಾಲಿಸುತ್ತಾರೆ. ಮುಂದಿನ ಮೀನಿನ ಸಲುವಾಗಿ ಇಂದಿನ ಸಂಪಾದನೆಯನ್ನು ಬಿಟ್ಟುಕೊಡುವ ಈ ಸಂಯಮ ಸಾಮಾನ್ಯವಾದದ್ದಲ್ಲ. ಜಗತ್ತಿನ ರಾಜಧಾನಿಗಳಲ್ಲಿ ಕುಳಿತು ಮಾತನಾಡುವವರು ಇದನ್ನು ಬಂದು ನೋಡಬೇಕು. ಆದರೆ ಗಡಿ ದಾಟಿದೊಡನೆ ಕೇರಳದ ರಜೆ ಜೂನ್ 9ರ ಮಧ್ಯರಾತ್ರಿಯಿಂದ ಆರಂಭವಾಗುತ್ತದೆ, 52 ದಿನ. ತಲಪಾಡಿಯ ಗಡಿ ಬಂಗುಡೆಗೆ ತಿಳಿದಿಲ್ಲ. ಒಂದೇ ದೇಶದ, ಒಂದೇ ಕಡಲಿನ ಎರಡು ರಾಜ್ಯಗಳಿಗೆ ದಿನಾಂಕವನ್ನು ಒಂದು ಮಾಡಿಕೊಳ್ಳಲು ಆಗದಿರುವಾಗ, ಇನ್ನೂರರಷ್ಟು ದೇಶಗಳು ಏಕೆ ಒಂದಾಗುತ್ತಿಲ್ಲವೆಂದು ದೂರುವ ನೈತಿಕ ಬಲ ನಮಗೆ ಕಡಿಮೆ.

ಸಾಮೂಹಿಕ ಸೊತ್ತು ಯಾವಾಗಲೂ ಹಾಳಾಗಿಯೇ ಹೋಗುತ್ತದೆ ಎಂಬ ಅಭಿಪ್ರಾಯವನ್ನು ಸುಳ್ಳಾಗಿಸಿದವರು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್. ಅವರು ಎತ್ತಿ ತೋರಿಸಿದ ನಿದರ್ಶನಗಳಲ್ಲಿ ಟರ್ಕಿಯ ಅಲಾನ್ಯ ಎಂಬ ಊರಿನ ಮೀನುಗಾರರದೂ ಒಂದು. ಅವರು ತಮ್ಮ ಕಡಲಿನ ಬಲೆ ಹಾಕುವ ಜಾಗಗಳನ್ನೆಲ್ಲ ಪಟ್ಟಿ ಮಾಡಿ, ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿ ಹಂಚಿಕೊಂಡು, ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯುತ್ತಾ, ಜನವರಿಯ ನಂತರ ಪಶ್ಚಿಮಕ್ಕೆ ಮರಳುತ್ತಿದ್ದರು. ಹೀಗಾಗಿ ಒಳ್ಳೆಯ ಜಾಗ ಎಲ್ಲರಿಗೂ ಸರದಿಯಲ್ಲಿ ಸಿಗುತ್ತಿತ್ತು. ನಿಯಮ ಮುರಿದವನನ್ನು ಹಿಡಿಯಲು ಅಧಿಕಾರಿ ಬೇಕಿರಲಿಲ್ಲ, ಆ ದಿನ ಆ ಜಾಗದ ಹಕ್ಕಿದ್ದವನೇ ಕಾವಲುಗಾರ. ಸ್ಥಳೀಯರು ತಾವೇ ಮಾಡಿದ ಕಟ್ಟಳೆಯನ್ನು ಮೇಲಿನ ಸರಕಾರ ಮನ್ನಿಸುವುದು, ಅದರ ಮೇಲೆ ರಾಜ್ಯಗಳ ನಡುವಿನ ಒಪ್ಪಂದ, ಅದರ ಮೇಲೆ ದೇಶಗಳ ನಡುವಿನದು ಎಂಬಂತೆ ಪದರಪದರವಾಗಿ ಆಡಳಿತ ಕಟ್ಟಬಹುದೆಂಬುದು ಆಸ್ಟ್ರಮ್ ಅವರ ಚಿಂತನೆಯ ಸಾರ. ಜಗತ್ತು ಒಂದಾಗುವುದೆಂದರೆ ಎಲ್ಲರ ಮೇಲೆ ಒಂದೇ ಸರಕಾರ, ಒಂದೇ ಭಾಷೆ ಬಂದು ಕೂರುತ್ತದೆಂದು ಹೆದರುವವರಿಗೂ ಇದರಲ್ಲಿ ಉತ್ತರವಿದೆ.

ಮೇಲಿನ ಪದರದಲ್ಲಿ ಈಚೆಗೆ ನಡೆದ ಒಂದು ಬೆಳವಣಿಗೆಗೆ ನಮ್ಮ ಕರಾವಳಿಯಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ. ಯಾವ ದೇಶಕ್ಕೂ ಸೇರದ ಆಳಕಡಲಿನ ಜೀವವೈವಿಧ್ಯವನ್ನು ಕಾಪಾಡುವ ಒಪ್ಪಂದವನ್ನು ವಿಶ್ವಸಂಸ್ಥೆ 2023ರ ಜೂನ್ 19ರಂದು ಅಂಗೀಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಭಾರತ ಸಹಿ ಹಾಕಿತು. ಬೇಕಾಗಿದ್ದ 60 ದೇಶಗಳ ಅನುಮೋದನೆ 2025ರ ಸೆಪ್ಟೆಂಬರಿನಲ್ಲಿ ಪೂರ್ಣಗೊಂಡು, ಜಾರಿಯ ದಿನ 2026ರ ಜನವರಿ 17 ಎಂದು ನಿಗದಿಯಾಯಿತು. ಆಳಕಡಲಿನಲ್ಲಿ ರಕ್ಷಿತ ಪ್ರದೇಶಗಳನ್ನು ಗುರುತಿಸುವುದು, ದೊಡ್ಡ ಯೋಜನೆಗಳಿಗೆ ಮುಂಚೆ ಪರಿಸರ ಪರಿಣಾಮದ ಅಧ್ಯಯನ ನಡೆಸುವುದು, ಕಡಲಜೀವಿಗಳ ವಂಶವಾಹಿಗಳಿಂದ ಬರುವ ಲಾಭದಲ್ಲಿ ಬಡ ದೇಶಗಳಿಗೂ ಪಾಲು ಕೊಡುವುದು ಇದರಲ್ಲಿ ಸೇರಿವೆ. ಯಾರು ಎಷ್ಟು ಮೀನು ಹಿಡಿಯಬೇಕೆಂದು ನಿರ್ಧರಿಸುವ ಅಧಿಕಾರ ಇದಕ್ಕಿಲ್ಲ ಎಂಬುದು ಕೊರತೆಯೇ. ಹಾಗೆಯೇ, ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಮೀನುಗಾರಿಕೆಯ ಸಬ್ಸಿಡಿಗಳನ್ನು ನಿಯಂತ್ರಿಸುವ ಮಾತುಕತೆ ನಡೆದಾಗ ಭಾರತವು ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷದ ಕಾಲಾವಕಾಶ ಕೇಳಿತು. ನಮ್ಮ ಬೋಟುಗಳಿಗೆ ಸಿಗುವ ತೆರಿಗೆ ವಿನಾಯಿತಿಯ ಡೀಸೆಲ್‌ಗೂ, ಸಾವಿರಾರು ಮೈಲು ದೂರದ ಕಡಲಿಗೆ ಹೋಗಿ ಬಾಚಿಕೊಂಡು ಬರುವ ಬೃಹತ್ ಹಡಗುಗಳಿಗೆ ಶ್ರೀಮಂತ ದೇಶಗಳು ಕೊಡುವ ನೆರವಿಗೂ ಒಂದೇ ತಕ್ಕಡಿ ಸಲ್ಲದೆಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ವಾದಕ್ಕೆ ತೂಕ ಬರಬೇಕಾದರೆ ನಮ್ಮ 12 ಮೈಲಿನೊಳಗೆ ನಾವು ಮಾಡಿಕೊಂಡ ನಿಯಮವನ್ನು ನಾವೇ ಪಾಲಿಸಬೇಕು.

ಸಾಮಾನ್ಯರಿಂದ ಏನಾದೀತು ಎಂದು ಕೇಳುವ ಯುವಕರಿಗೆ ಒಂದು ಮಾತು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಒಂದು ಸಣ್ಣ ಗುಂಪು 2019ರಲ್ಲಿ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯವೇ ಎಂಬ ಪ್ರಶ್ನೆಯನ್ನು ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದಿಡಬೇಕೆಂದು ತಮ್ಮ ಸರಕಾರಗಳನ್ನು ಒತ್ತಾಯಿಸಿತು. ವನುವಾಟು ದೇಶ ಅದನ್ನು ಎತ್ತಿಕೊಂಡು ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈ 23ರಂದು ಹೇಗ್‌ನ ನ್ಯಾಯಾಲಯ, ಹೌದು, ಅದು ಕರ್ತವ್ಯ ಎಂದು ಸಲಹಾ ಅಭಿಪ್ರಾಯ ನೀಡಿತು. ಮಂಗಳೂರು, ಮಣಿಪಾಲ, ಉಡುಪಿಗಳಲ್ಲಿ ಓದುವ ವಿದ್ಯಾರ್ಥಿಗಳ ಸಂಖ್ಯೆ ಆ ಗುಂಪಿಗಿಂತ ಎಷ್ಟೋ ಪಾಲು ಹೆಚ್ಚು. ಎರಡು ರಾಜ್ಯಗಳ ರಜೆಯ ದಿನಾಂಕ ಏಕೆ ಒಂದಾಗಿಲ್ಲ ಎಂಬುದರಿಂದಲೇ ಅವರು ತಮ್ಮ ಅಧ್ಯಯನವನ್ನು ಆರಂಭಿಸಬಹುದು.

ಆದುದರಿಂದ ನನ್ನ ಕೋರಿಕೆಗಳು ಇಷ್ಟು. ಮುಂದಿನ ಜೂನ್ ಬರುವುದರೊಳಗೆ ಕರ್ನಾಟಕ, ಕೇರಳ, ಗೋವಾ ರಾಜ್ಯಗಳ ಮೀನುಗಾರಿಕಾ ಇಲಾಖೆಗಳೂ ಮೀನುಗಾರರ ಸಂಘಗಳೂ ಒಂದೆಡೆ ಕುಳಿತು, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳ ಸಮ್ಮುಖದಲ್ಲಿ, ಮೀನು ಮೊಟ್ಟೆಯಿಡುವ ಕಾಲವನ್ನು ಆಧರಿಸಿ ಒಂದೇ ರಜೆಯನ್ನು ನಿಗದಿಪಡಿಸಲಿ, ಆ ರಜೆಯಲ್ಲಿ ಕಲಾಸಿಗಳಿಗೂ ಮೀನು ಮಾರುವ ಮಹಿಳೆಯರಿಗೂ ಸಿಗುವ ಪರಿಹಾರವನ್ನು ಅದೇ ಸಭೆಯಲ್ಲಿ ತೀರ್ಮಾನಿಸಲಿ. ಲೈಟ್ ಫಿಶಿಂಗ್ ತಡೆಯುವ ಕಾವಲಿನಲ್ಲಿ ನಾಡದೋಣಿ ಮೀನುಗಾರರಿಗೂ ಅಧಿಕೃತ ಸ್ಥಾನ ಕೊಡಲಿ. ತಮ್ಮ ಪತ್ರಿಕೆಯಲ್ಲಿಯೂ ಒಂದು ಅನುಕೂಲ ಬೇಕು: ಅಡಿಕೆ ಧಾರಣೆ ಅಚ್ಚಾಗುವ ಪುಟದಲ್ಲಿ ತಿಂಗಳಿಗೊಮ್ಮೆ ಅರಬ್ಬಿ ಸಮುದ್ರದ ಮೇಲ್ಮೈ ಉಷ್ಣತೆಯನ್ನೂ ಮೌನಾ ಲೋವಾದ ಇಂಗಾಲದ ಅಳತೆಯನ್ನೂ ಎರಡು ಸಾಲುಗಳಲ್ಲಿ ಕೊಡಿ. ಇವೆರಡೂ ಸಾರ್ವಜನಿಕವಾಗಿ ಉಚಿತವಾಗಿ ಸಿಗುವ ಮಾಹಿತಿಗಳು. ಕನ್ನಡದಲ್ಲಿ, ನಮ್ಮ ಓದುಗರ ಕಣ್ಣಿಗೆ ಬೀಳುವಲ್ಲಿ ಅವುಗಳನ್ನು ಒದಗಿಸುವ ಕೆಲಸ ಮಾತ್ರ ಉಳಿದಿದೆ.

ಇತಿ,
ನಿವೃತ್ತ ಭೂಗೋಳ ಶಿಕ್ಷಕ,
ಮಲ್ಪೆ, ಉಡುಪಿ ಜಿಲ್ಲೆ